ಇಪ್ಪತ್ತೇಳು ಅಡಿಯ ಮೇಲೆ

ಬೆಳಗಿನ ಒಂಬತ್ತೂವರೆಗೆ ಪರದೆಯ ಮೇಲೆ ‘ಮೈನಸ್ ಅನಂತ’ ಎಂದು ಬಂದಾಗ ಸಿಗ್ನಿ ಥೋರ್ಲಾಕ್ಸನ್ ಮೊದಲು ಮಾಡಿದ ಕೆಲಸವೆಂದರೆ ಕಾಫಿಯ ಲೋಟವನ್ನು ಕೀಬೋರ್ಡಿನಿಂದ ದೂರ ಸರಿಸಿದ್ದು. ಲೋಟಕ್ಕೂ ಅನಂತಕ್ಕೂ ಏನೂ ಸಂಬಂಧವಿರಲಿಲ್ಲ, ಆದರೂ ಕೈಗೊಂದು ಕೆಲಸ ಬೇಕಿತ್ತು. ಇಪ್ಪತ್ತಾರು ವರ್ಷದಿಂದ ನದಿಗಳ ಲೆಕ್ಕ ಮಾಡುತ್ತ ಬಂದವಳಿಗೆ ಇಂಥದ್ದು ಹೊಸದೇನಲ್ಲ. ಪಟ್ಟಿಯಲ್ಲಿ ಎಲ್ಲೋ ಒಂದು ಮನೆ ಖಾಲಿ ಉಳಿದಿರುತ್ತದೆ, ಎಲ್ಲೋ ಒಂದು ಚುಕ್ಕೆ ಜಾಗ ತಪ್ಪಿ ಕೂತಿರುತ್ತದೆ, ಕೋಡ್ ಮುನಿಸಿಕೊಂಡು ಅನಂತ ಎಂದುಬಿಡುತ್ತದೆ. ಅವಳು ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಲಿಂಡೆನ್‌ಹೋಫ್ ಎಂಬ ಊರಿನ ಬಳಿ ಪ್ರತಿ ವಸಂತದಲ್ಲಿ ಹಿಮ ಕರಗಿದಾಗ ನದಿ ಎಷ್ಟು ಎತ್ತರಕ್ಕೆ ಏರಿತು ಎಂಬ ಮೂವತ್ತೆಂಟು ವರ್ಷದ ಅಂಕಿಗಳು. ಎಲ್ಲವೂ ಅಡಿಗಳಲ್ಲಿ, ಎಲ್ಲವೂ ಸಭ್ಯವಾಗಿ ಇಪ್ಪತ್ತೊಂದರಿಂದ ಇಪ್ಪತ್ತೈದರ ಒಳಗೆ. ಅವುಗಳ ಕೆಳಗೆ ಅವಳೇ ಐದು ನಿಮಿಷದ ಹಿಂದೆ ಸೇರಿಸಿದ ಮೂವತ್ತೊಂಬತ್ತನೆಯದು, ಇಪ್ಪತ್ತೇಳು ಪಾಯಿಂಟ್ ಎಂಟು. ಅದನ್ನು ತೆಗೆದಳು, ಅನಂತ ಹೋಯಿತು. ಹಾಕಿದಳು, ಬಂತು. ತೆಗೆದಳು, ಹೋಯಿತು. ಕಿಟಕಿಯಾಚೆ ವಿನಿಪೆಗ್‌ನ ಬೀದಿಯಲ್ಲಿ ಹಿಮ ಗೋರುವ ಗಾಡಿ ಹಿಂದೆ ಮುಂದೆ ಹೋಗುತ್ತ ಕೀಂ ಕೀಂ ಎನ್ನುತ್ತಿತ್ತು. ಮಾರ್ಚ್ ಮುಗಿಯುತ್ತ ಬಂದಿದ್ದರೂ ಹಿಮಕ್ಕೆ ಅದರ ಪರಿವೆ ಇರಲಿಲ್ಲ.

ಆ ಅಂಕಿ ಬಂದದ್ದು ಒಂದು ಹಳೆಯ ಕಾಗದದಿಂದ. ದಾಖಲೆಗಳ ಭಂಡಾರದಲ್ಲಿ ಕೆಲಸ ಮಾಡುವವರೊಬ್ಬರು ಹೋದ ವಾರ ಕಳಿಸಿದ್ದರು. ನೂರೈವತ್ತು ವರ್ಷದ ಹಿಂದೆ ಆ ಬಯಲನ್ನು ಅಳೆಯಲು ಬಂದ ಸರ್ವೆಯವನೊಬ್ಬ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ: ನದಿಯ ತಿರುವಿನಲ್ಲಿ ಒಂದು ದೊಡ್ಡ ಓಕ್ ಮರವಿದೆ, ಹಿಂದಿನ ಮಹಾಪ್ರವಾಹದ ನೀರು ಅದರ ಎರಡನೆಯ ಕೊಂಬೆಯವರೆಗೆ ಬಂದಿತ್ತೆಂದು ಇಲ್ಲಿಯವರು ಕೊಡಲಿಯಿಂದ ಗುರುತು ಮಾಡಿದ್ದಾರೆ, ಗುರುತಿನ ಎತ್ತರವನ್ನು ನಾನು ಅಳೆದೆ. ಅವನ ಅಳತೆಯನ್ನು ಇವತ್ತಿನ ಮಾಪನಕ್ಕೆ ತಿರುಗಿಸಿದರೆ ಇಪ್ಪತ್ತೇಳು ಪಾಯಿಂಟ್ ಎಂಟು. ಓಕ್ ಮರ ಎಂದು ಓದಿದ ದಿನವೇ ಸಿಗ್ನಿ ಅಲ್ಲಿಗೇ ಓದು ನಿಲ್ಲಿಸಿದ್ದಳು. ಯಾಕೆಂದು ಕೇಳಿಕೊಳ್ಳದೆ ಕಾಗದವನ್ನು ಡ್ರಾಯರಿಗೆ ಹಾಕಿದ್ದಳು. ಇವತ್ತು ಮಧ್ಯಾಹ್ನ ಎರಡಕ್ಕೆ ಲಿಂಡೆನ್‌ಹೋಫ್‌ನಲ್ಲಿ ಪ್ರತಿವರ್ಷದ ಸಭೆ ಇದೆ, ಈ ವಸಂತದಲ್ಲಿ ನೀರು ಎಷ್ಟು ಬರಬಹುದು ಎಂದು ಹೇಳಿ ಬರಬೇಕು, ಹೋಗುವ ಮೊದಲು ಈ ಹಳೆಯ ಅಂಕಿಯನ್ನೂ ಸೇರಿಸಿಬಿಡೋಣ ಎಂದು ಬೆಳಿಗ್ಗೆ ಅದನ್ನು ಹೊರತೆಗೆದಿದ್ದಳು.

ಕೋಡ್ ಮಾಡುವುದು ಸರಳ ಕೆಲಸ. ಅದರ ಬಳಿ ಒಂದು ಗೆರೆ ಇದೆ. ಎಡದಿಂದ ಮೇಲೇರಿ, ಗುಡ್ಡವಾಗಿ, ಬಲಕ್ಕೆ ಇಳಿಯುತ್ತ ಹೋಗುವ ಗೆರೆ. ಒಂದೊಂದು ವರ್ಷದ ನೀರನ್ನೂ ಅದು ಆ ಗೆರೆಯ ಕೆಳಗೆ ನಿಲ್ಲಿಸಿ, ನಿನ್ನ ತಲೆಯ ಮೇಲೆ ಗೆರೆ ಎಷ್ಟು ಎತ್ತರವಿದೆ ಎಂದು ಕೇಳುತ್ತದೆ. ಎಲ್ಲರ ಉತ್ತರದ ಲಾಗರಿದಮ್ ಕೂಡಿಸುತ್ತದೆ. ಸೊನ್ನೆಯ ಲಾಗರಿದಮ್ ಮಾತ್ರ ಮೈನಸ್ ಅನಂತ. ಅಂದರೆ ಓಕ್ ಮರದ ನೀರಿನ ತಲೆಯ ಮೇಲೆ ಗೆರೆಯೇ ಇರಲಿಲ್ಲ. ಒಮ್ಮೆ ಬಂದು, ಮರವನ್ನು ತಬ್ಬಿ, ಗುರುತು ಉಳಿಸಿ ಹೋದ ನೀರಿಗೆ ಅವಳ ಕೋಡ್, ನೀನು ಬರಲಾರೆ, ಬಂದೇ ಇಲ್ಲ ಎನ್ನುತ್ತಿತ್ತು. ಸಿಗ್ನಿಗೆ ಸೊನ್ನೆಯ ಬಗ್ಗೆ ಭಯವಿರಲಿಲ್ಲ. ಅವಳು ಈ ಕೆಲಸಕ್ಕೆ ಬಿದ್ದದ್ದೇ ಒಂದು ಸೊನ್ನೆಯ ಮೋಹದಿಂದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಿಮ್ಲಿ ಎಂಬ ಊರಿನಿಂದ, ಸರೋವರದ ಮೀನಿನ ವಾಸನೆಯನ್ನು ಕೋಟಿನಲ್ಲೇ ಹೊತ್ತುಕೊಂಡು ಕಾಲೇಜಿಗೆ ಬಂದಿದ್ದಾಗ, ಮುದಿ ಮೇಷ್ಟ್ರೊಬ್ಬರು ಹಲಗೆಯ ಮೇಲೆ ಇಂಥದೇ ಗೆರೆ ಎಳೆದು, ನಾಳೆ ಸರೋವರದ ನೀರು ಸರಿಯಾಗಿ ಇದೇ ಎತ್ತರದಲ್ಲಿ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ನಿಲ್ಲುವ ಸಂಭವ ಎಷ್ಟು ಎಂದು ಕೇಳಿದ್ದರು. ಯಾರೂ ಹೇಳಲಿಲ್ಲ. ಸೊನ್ನೆ, ಎಂದರು ಅವರು. ಯಾವ ಎತ್ತರಕ್ಕೆ ಕೇಳಿದರೂ ಸೊನ್ನೆ. ಆದರೂ ನಾಳೆ ನೀರು ಯಾವುದೋ ಒಂದು ಎತ್ತರದಲ್ಲಿ ನಿಂತೇ ನಿಲ್ಲುತ್ತದೆ. ಚುಕ್ಕೆಗೆ ಪಾಲಿಲ್ಲ, ಎರಡು ಚುಕ್ಕೆಗಳ ನಡುವಿನ ಜಾಗಕ್ಕೆ ಮಾತ್ರ ಪಾಲು. ಆವತ್ತು ಸಿಗ್ನಿ ಬಸ್ಸು ಹತ್ತದೆ ಬಾಡಿಗೆಯ ಕೋಣೆಯವರೆಗೂ ನಡೆದಿದ್ದಳು. ನಡೆದದ್ದೆಲ್ಲ ಸೊನ್ನೆ ಸಂಭವದ್ದು, ತಾನು ಹುಟ್ಟಿದ ಗಳಿಗೆ, ಅಪ್ಪನ ದೋಣಿ ಮುಳುಗಿದ ಜಾಗ, ಈಗ ಕಾಲಿಟ್ಟ ಹಿಮದ ಕಣ, ಯಾವುದೂ ಆಗಬೇಕಿರಲಿಲ್ಲ, ಎಲ್ಲವೂ ಆಗಿದೆ. ಮೈ ಜುಂ ಎಂದಿತ್ತು. ಆ ಜುಂ ಎಂದದ್ದರ ಮೇಲೆಯೇ ಅವಳು ಇಷ್ಟು ವರ್ಷ ಬದುಕಿದ್ದಳು.

ಆದರೆ ಇವತ್ತಿನ ಸೊನ್ನೆ ಆ ಸೊನ್ನೆಯಲ್ಲ. ಆ ಸೊನ್ನೆಯ ತಲೆಯ ಮೇಲೆ ಗೆರೆಯಾದರೂ ಇತ್ತು. ಇದು ಗೆರೆಯೇ ಮುಗಿದುಹೋದ ಕಡೆಯ ಸೊನ್ನೆ, ಗೋಡೆಯಾಚೆಯ ಸೊನ್ನೆ. ಗೆರೆ ಎಲ್ಲಿ ಮುಗಿಯುತ್ತದೆ ಎಂದು ಕೇಳಿದಳು. ಇಪ್ಪತ್ತೇಳು ಎಂದಿತು ಕೋಡ್. ಅವಳಿಗೆ ಅದು ಗೊತ್ತಿತ್ತು. ಒಂಬತ್ತು ವರ್ಷದಿಂದ ಗೊತ್ತಿತ್ತು. ಗೆರೆಯ ಬಾಲ ಹೇಗಿರಬೇಕೆಂದು ಹೇಳುವುದು ಒಂದೇ ಒಂದು ಅಂಕಿ. ಈ ಕಣಿವೆಗೆ ಅದು ಸೊನ್ನೆ ಪಾಯಿಂಟ್ ಎರಡು ಎಂದು ಕಚೇರಿಯ ಕೈಪಿಡಿಯಲ್ಲಿ ಇದೆ. ಆ ಕೈಪಿಡಿಯ ರೂಢಿಯಲ್ಲಿ ಪ್ಲಸ್ ಎಂದರೆ ಬಾಲ ಮುಗಿಯುವುದೇ ಇಲ್ಲ, ತೆಳುವಾಗುತ್ತ ದೂರ ದೂರ ಹೋಗುತ್ತಿರುತ್ತದೆ. ಮೈನಸ್ ಎಂದರೆ ಒಂದು ಕಡೆ ತುಂಡಾಗುತ್ತದೆ. ಅವಳು ಬಳಸುವ ಸಿದ್ಧ ಕೋಡಿನ ರೂಢಿ ಸರಿಯಾಗಿ ಇದರ ತಿರುವುಮುರುವು. ಅಲ್ಲಿ ಪ್ಲಸ್ ಹಾಕಿದರೆ ತುಂಡು. ಹೀಗೆ ಯಾಕೆ ಎಂದು ಕೇಳಿದರೆ ಉತ್ತರವಿಲ್ಲ, ಇಬ್ಬರೂ ಅವರವರ ಮನೆಯ ಪದ್ಧತಿ ಎನ್ನುತ್ತಾರೆ. ಕೈಪಿಡಿಯಿಂದ ಕೋಡಿಗೆ ದಾಟಿಸುವಾಗ ಅಂಕಿಯ ಎಡಕ್ಕೆ ಮೈನಸ್ಸಿನ ಒಂದು ಸಣ್ಣ ಗೀಟು ಹಾಕಬೇಕು, ಅಷ್ಟೇ. ಹೊಸಬರಿಗೆ ತರಬೇತಿ ಕೊಡುವಾಗ ಸಿಗ್ನಿಯೇ ಇದನ್ನು ಹೇಳಿ ನಗಿಸುತ್ತಿದ್ದಳು. ‘ಚಿಹ್ನೆ ನೋಡಿ, ಮತ್ತೆ ಚಿಹ್ನೆ ನೋಡಿ, ಗಂಡನನ್ನು ನಂಬಿದರೂ ಚಿಹ್ನೆ ನಂಬಬೇಡಿ.’ ಈಗ ಅವಳು ಲಿಂಡೆನ್‌ಹೋಫ್‌ನ ಕಡತದ ಹದಿನಾಲ್ಕನೆಯ ಸಾಲನ್ನು ನೋಡಿದಳು. ಅಲ್ಲಿ ಗೀಟು ಇರಲಿಲ್ಲ. ಸಾಲಿನ ಪಕ್ಕದಲ್ಲಿ ಬರೆದವರ ಹೆಸರು ಇತ್ತು, ಅದು ಅವಳದೇ.

ಎದೆ ಧಸಕ್ಕೆಂದಿತು ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಕಿವಿ ಬಿಸಿಯಾಯಿತು. ಲಿಂಡೆನ್‌ಹೋಫ್‌ನ ಸಮುದಾಯ ಭವನದ ಕಬ್ಬಿಣದ ಕುರ್ಚಿಗಳು, ಮೆನ್ನೊನೈಟ್ ಪಂಥದ ರೈತರ ದಪ್ಪ ಜಾಕೆಟ್ಟುಗಳು, ಎಲ್ಲರ ಬಾಯಲ್ಲೂ ಸೂರ್ಯಕಾಂತಿ ಬೀಜ, ಹಲ್ಲಿನಲ್ಲಿ ಒಡೆದು ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗುಳುವ ಆ ಚಿಟಚಿಟ, ಎಲ್ಲ ನೆನಪಿಗೆ ಬಂತು. ಒಂಬತ್ತು ವರ್ಷದ ಹಿಂದೆ ಊರ ಸುತ್ತ ಮಣ್ಣಿನ ಒಡ್ಡು ಕಟ್ಟಬೇಕೆಂದಾಗ ಎತ್ತರ ಹೇಳಲು ಹೋಗಿದ್ದವಳು ಅವಳೇ. ನೂರು ವರ್ಷಕ್ಕೊಮ್ಮೆ ಬರುವ ನೀರು ಇಪ್ಪತ್ತೈದು, ಅದರ ಮೇಲೆ ರಕ್ಷಣೆಗೆ ಎರಡಡಿ, ಇಪ್ಪತ್ತೇಳು. ನೋಡಿ, ಇಪ್ಪತ್ತೇಳರ ಮೇಲೆ ಗೆರೆಯೇ ಇಲ್ಲ, ನಿಮ್ಮ ಒಡ್ಡಿನ ಅಂಚು ಇದೆಯಲ್ಲ, ಅದೇ ನದಿಯ ಮಿತಿ ಎಂದು ಹೆಮ್ಮೆಯಿಂದ ತೋರಿಸಿದ್ದಳು. ಆಗ ಮೂರನೆಯ ಸಾಲಿನಿಂದ ಅಬ್ರಾಮ್ ಡೂರ್ಕ್ಸೆನ್ ಎಂಬ ಮುದುಕರು ಟೋಪಿ ತೆಗೆದು ಎದ್ದು ನಿಂತರು. ನದಿಯ ತಿರುವಿನಲ್ಲಿ ನಮ್ಮ ಹೊಲ, ಎಂದು ಶುರುಮಾಡಿದರು. ಅಲ್ಲೊಂದು ಓಕ್ ಮರ ಇದೆ, ಎರಡನೇ ಕೊಂಬೆವರೆಗೆ ನೀರು ಬಂದಿತ್ತಂತೆ, ನಮ್ಮಜ್ಜ ಇಲ್ಲಿಗೆ ಬಂದಾಗ ಹಳಬರು ತೋರಿಸಿದ್ದರಂತೆ, ಅದು ನೀವು ಹೇಳೋದಕ್ಕಿಂತ ಮೇಲಿದೆಯಲ್ಲ. ಸಿಗ್ನಿಗೆ ಆವತ್ತು ಹಸಿವಾಗಿತ್ತು, ಹಿಂತಿರುಗುವ ದಾರಿಯಲ್ಲಿ ಹಿಮಗಾಳಿ ಬರುವುದಿತ್ತು. ‘ಮಿಸ್ಟರ್ ಡೂರ್ಕ್ಸೆನ್, ಮರ ಬೆಳೆಯುತ್ತೆ. ಕೊಂಬೇನೂ ಅದರ ಜೊತೆಗೆ ಮೇಲೆ ಹೋಗುತ್ತೆ’ ಎಂದಿದ್ದಳು. ಭವನ ನಕ್ಕಿತು. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ ಅವಳಿಗೆ ಹೊಳೆದಿತ್ತು, ಕೊಂಬೆ ಮೇಲೆ ಹೋಗುವುದಿಲ್ಲ. ಮರ ಬೆಳೆಯುವುದು ತುದಿಯಲ್ಲಿ. ಹತ್ತು ವರ್ಷದವಳಾಗಿದ್ದಾಗ ಯಾವ ಕೊಂಬೆಗೆ ಉಯ್ಯಾಲೆ ಕಟ್ಟಿದ್ದಳೋ ಅದು ಇವತ್ತೂ ಅಷ್ಟೇ ಎತ್ತರದಲ್ಲಿದೆ. ಮಣ್ಣು ಮರದ ನಡುವೆಯೇ ಹುಟ್ಟಿ ಬೆಳೆದ ನೂರಿಪ್ಪತ್ತು ರೈತರಿಗೆ ಅದು ಗೊತ್ತಿಲ್ಲವೇ? ಗೊತ್ತಿದ್ದೂ ನಕ್ಕಿದ್ದರು, ಲೆಕ್ಕ ಕಲಿತವಳು ಹೇಳಿದಳೆಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಒಂದು ಮರದ ಮಾತಿಗಾಗಿ ಯಾರು ಹಿಂದಿರುಗಿ ಹೋಗುತ್ತಾರೆ? ಲೆಕ್ಕವಂತೂ ಸರಿಯಿದೆಯಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದಳು.

ಅವಳು ಹದಿನಾಲ್ಕನೆಯ ಸಾಲಿನಲ್ಲಿ ಗೀಟು ಹಾಕಿದಳು. ಒಂದು ಬೆರಳು, ಒಂದು ಸಲ. ಪರದೆಯ ಮೇಲೆ ಗುಡ್ಡದ ಬಲಬದಿ ಅಲುಗಿ, ಇಪ್ಪತ್ತೇಳರ ಹತ್ತಿರ ಕೆಳಗೆ ಬಿದ್ದು ಸತ್ತಿದ್ದ ಗೆರೆ ಎದ್ದು ನಡೆಯತೊಡಗಿತು. ಇಪ್ಪತ್ತೆಂಟು, ಮೂವತ್ತು, ಮೂವತ್ತೈದು, ಚಿತ್ರದ ಅಂಚು ಮುಟ್ಟಿತು. ಅನಂತ ಮಾಯವಾಗಿ ಓಕ್ ಮರದ ನೀರಿಗೆ ಒಂದು ಸಣ್ಣ, ಪ್ರಾಮಾಣಿಕ ಅಂಕಿ ಬಂತು. ಇಪ್ಪತ್ತೇಳನ್ನು ನೀರು ದಾಟುವ ಸಂಭವ ಎಷ್ಟು ಎಂದು ಕೇಳಿದಳು. ಒಂದು ವರ್ಷದಲ್ಲಿ ನೂರಕ್ಕೆ ಮೂರು. ಮೂವತ್ತಮೂರು ವಸಂತಕ್ಕೆ ಒಂದು. ಅವಳು ಸೊನ್ನೆ ಎಂದಿದ್ದಳು, ಲಿಂಡೆನ್‌ಹೋಫ್‌ನ ಆರುನೂರು ಜನ ಆ ಸೊನ್ನೆಯ ಒಳಗೆ ಒಂಬತ್ತು ವಸಂತ ಮಲಗಿ ಎದ್ದಿದ್ದರು. ಭಯವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಿಂದ ಬೇರೊಂದು ಎದ್ದು ಬರುತ್ತಿತ್ತು, ಅದಕ್ಕೆ ಅವಳು ನಾಚಿದಳು. ಅವಳಿಗೆ ಗೆರೆಯ ಕೊನೆ ನೋಡಬೇಕೆನಿಸಿತು. ನಲವತ್ತು ಅಡಿಗೆ ಎಷ್ಟು ಎಂದು ಕೇಳಿದಳು. ಸೊನ್ನೆಯಲ್ಲ. ಲಿಂಡೆನ್‌ಹೋಫ್‌ನ ಚರ್ಚಿನ ಗೋಪುರದಷ್ಟು ಎಂದಳು. ಸೊನ್ನೆಯಲ್ಲ. ಗೋಧಿ ತುಂಬುವ ಎತ್ತರದ ಕಣಜ ಮುಳುಗುವಷ್ಟು. ಸೊನ್ನೆಯಲ್ಲ. ಒಂದು ಮೈಲಿ ಎತ್ತರದ ನೀರು ಎಂದು ಹುಚ್ಚಿಯಂತೆ ಕೇಳಿದಳು, ಇಡೀ ಖಂಡದ ಹಿಮ ಕರಗಿದರೂ ಅಷ್ಟು ನೀರು ಈ ಬಯಲಲ್ಲಿ ನಿಲ್ಲದೆಂದು ಗೊತ್ತಿದ್ದೇ ಕೇಳಿದಳು. ಗೆರೆಗೆ ಖಂಡ ಗೊತ್ತಿಲ್ಲ, ಹಿಮ ಗೊತ್ತಿಲ್ಲ. ಅದು ಹದಿನೆಂಟು ಸೊನ್ನೆಗಳನ್ನು ಸಾಲಾಗಿ ನಿಲ್ಲಿಸಿ ಕೊನೆಗೊಂದು ಅಂಕಿಯನ್ನು ಇಟ್ಟೇ ಇಟ್ಟಿತು. ಕೈಗಳು ತೊಡೆಯ ಮೇಲೆ ಬಿದ್ದಿದ್ದವು. ಬಾಲ್ಯದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮಲಗಿ ಅಡಿಯ ಕತ್ತಲನ್ನು ನೋಡುವಾಗ ಹೀಗೇ ಆಗುತ್ತಿತ್ತು. ಇಷ್ಟು ದೊಡ್ಡದನ್ನು ಒಂದು ಗೀಟು ಬಿಟ್ಟು ಮುಚ್ಚಿಟ್ಟಿದ್ದೆನಲ್ಲ ಎಂದುಕೊಂಡಳು, ಕಣ್ಣು ತುಂಬಿಬಂತು, ಅದು ಪಶ್ಚಾತ್ತಾಪವೋ ಭಕ್ತಿಯೋ ಅವಳಿಗೆ ತಿಳಿಯಲಿಲ್ಲ.

ಅವಳ ಮೇಲಧಿಕಾರಿ ಅರ್ನೆಲ್ ಬಗ್ತಾಸ್ ಒಳ್ಳೆಯ ಮನುಷ್ಯ. ಹದಿನೈದು ವರ್ಷದಿಂದ ಪಕ್ಕದ ಕೋಣೆ, ಮಗಳ ಮದುವೆಗೆ ಇಡೀ ಕಚೇರಿಗೆ ಹಂದಿ ಹುರಿದು ಬಡಿಸಿದ್ದವನು. ಅವಳು ಕರೆದು ತೋರಿಸಿದಾಗ ಅವನು ಪರದೆಯನ್ನು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

“ಈ ವರ್ಷದ ನಮ್ಮ ಅಂದಾಜು ಎಷ್ಟು?”

“ಇಪ್ಪತ್ನಾಲ್ಕು. ಜೋರು ಮಳೆ ಸೇರಿದ್ರೆ ಇಪ್ಪತ್ತಾರು.”

“ಒಡ್ಡು ಇಪ್ಪತ್ತೇಳು ಇದೆಯಲ್ಲ. ಮತ್ತೆ?” ಅವನು ಬಾಗಿಲು ಮುಚ್ಚಿದ. “ಇವತ್ತು ಈ ವರ್ಷದ್ದಷ್ಟೇ ಹೇಳ್ಬಿಟ್ಟು ಬಾ. ಒಡ್ಡಿನ ವಿಚಾರಾನ ಬೇಸಿಗೇಲಿ ಪರಿಷ್ಕೃತ ವರದಿ ಅಂತ ಹಾಕೋಣ. ಹಳೇ ದಾಖಲೆ ಸಿಕ್ತು, ಅದರಿಂದ ಬದಲಾಯ್ತು. ಸುಳ್ಳೇನಲ್ಲ ಅದು.”

“ಸುಳ್ಳಲ್ಲ. ನಿಜಾನೂ ಅಲ್ಲ. ದಾಖಲೆ ಸಿಗದೇ ಇದ್ರೂ ನನ್ನ ಚಿಹ್ನೆ ತಪ್ಪೇ.”

“ಕೇಳಿಲ್ಲಿ ಸಿಗ್ನಿ. ನೀನು ಹೋಗಿ ನಂದು ತಪ್ಪು ಅಂತ ಅಂದ್ಬಿಟ್ರೆ, ನಾಳೆ ನಿಜವಾಗ್ಲೂ ನೀರು ಬಂದಾಗ, ಮನೆ ಬಿಟ್ಟು ಓಡಿ ಅಂತ ನಾವು ಅಂದ್ರೆ ಅವರು ಓಡ್ತಾರಾ? ಆವಾಗ್ಲೂ ಗೀಟು ಮರ್ತಿದ್ಯೇನಮ್ಮ ಅಂತಾರೆ. ಅದನ್ನ ಯೋಚನೆ ಮಾಡಿದ್ಯಾ?”

ಅವಳು ಯೋಚನೆ ಮಾಡಿರಲಿಲ್ಲ. ಅದೇ ತೊಂದರೆ, ಅವನ ಮಾತು ಹೇಡಿಯ ಮಾತಾಗಿದ್ದರೆ ಸುಲಭವಿತ್ತು. ಒಂದು ಗಂಟೆಯ ದಾರಿಯುದ್ದಕ್ಕೂ ಕಾರಿನಲ್ಲಿ ಅದನ್ನೇ ಮಗುಚಿ ಹಾಕಿದಳು. ರಸ್ತೆ ದಕ್ಷಿಣಕ್ಕೆ ಗೆರೆ ಹೊಡೆದಂತೆ ಹೋಗುತ್ತಿತ್ತು, ಎರಡೂ ಕಡೆ ಬಿಳಿ, ಆಕಾಶವೂ ಬಿಳಿ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಬೇಲಿಯ ಕಂಬಗಳಿಂದಷ್ಟೇ ತಿಳಿಯಬೇಕು. ಈ ಹಿಮವೆಲ್ಲ ಮೂರು ವಾರದಲ್ಲಿ ನೀರು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೂರಕ್ಕೆ ತೊಂಬತ್ತೇಳು ಪಾಲು ಈ ವಸಂತವೂ ದಾಟಿಹೋಗುತ್ತದೆ, ಬೇಸಿಗೆಯಲ್ಲಿ ಪರಿಷ್ಕೃತ ವರದಿ, ಮುಂದಿನ ವರ್ಷ ಒಡ್ಡು ಎತ್ತರಿಸುತ್ತಾರೆ, ಡೂರ್ಕ್ಸೆನ್ ಮುದುಕರು ಅಷ್ಟರಲ್ಲಿ ಬದುಕಿರುತ್ತಾರೋ ಇಲ್ಲವೋ. ಆವತ್ತಿನ ನಂತರದ ಎಲ್ಲ ಸಭೆಗಳಿಗೂ ಅವರು ಬಂದಿದ್ದರು. ಮೂರನೆಯ ಸಾಲು, ಅದೇ ಕುರ್ಚಿ. ಒಂದು ಸಲವೂ ಬಾಯಿ ತೆರೆದಿರಲಿಲ್ಲ. ಅವಳು ಅದನ್ನು ಗಮನಿಸಿದ್ದಳು, ಗಮನಿಸಿಲ್ಲವೆಂದು ನಟಿಸಿದ್ದಳು, ಅವರ ಕಡೆ ನೋಡಬಾರದೆಂದು ಯಾವಾಗಲೂ ಎಡಗಡೆಯ ಸಾಲುಗಳಿಗೆ ಮುಖ ಮಾಡಿ ಮಾತಾಡುವ ಅಭ್ಯಾಸ ಮಾಡಿಕೊಂಡಿದ್ದಳು. ನೂರಕ್ಕೆ ಮೂರು. ಮಗುವನ್ನು ಮಲಗಿಸಿ ದೀಪ ಆರಿಸುವ ತಾಯಿಗೆ ಮೂರು ಎಂದರೆ ಎಷ್ಟು? ಮಾತು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ ಬರುವುದು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು, ಇಷ್ಟು ವರ್ಷ ಸರ್ಕಾರಿ ಕೆಲಸ ಮಾಡಿದವಳಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಒಡ್ಡು ಕಾಣಿಸಿತು. ಊರಿನ ಸುತ್ತ ಹಿಮ ಹೊದ್ದ ಬೋಳು ದಿಬ್ಬ, ಅದರ ಮೇಲೆ ಇಬ್ಬರು ಹೆಂಗಸರು ನಾಯಿಯ ಜೊತೆ ನಡೆಯುತ್ತಿದ್ದರು. ದಿಬ್ಬದ ಅಂಚು ಎಷ್ಟು ಸಮವಾಗಿತ್ತೆಂದರೆ, ಅವಳದೇ ಕೈ ಎಳೆದಂತಿತ್ತು.

ಭವನದ ಬಾಗಿಲಲ್ಲಿ ಹಲಗೆ ತೂಗುಹಾಕಿದ್ದರು. ಪ್ರತಿ ಮಾರ್ಚಿನಲ್ಲೂ ಊರವರು ನೀರು ಎಷ್ಟು ಏರುತ್ತದೆಂದು ಅಡಿ ಮತ್ತು ಅದರ ನೂರನೇ ಭಾಗಗಳಲ್ಲಿ ಪಣ ಹಾಕುತ್ತಾರೆ, ಹತ್ತಿರ ಬಂದವರಿಗೆ ಒಂದು ತಟ್ಟೆ ರೂಬಾರ್ಬ್ ಎಂಬ ಹುಳಿದಂಟಿನ ಪ್ಲಾಟ್ಸ್, ಅಂದರೆ ಸಿಹಿಪುಡಿ ಉದುರಿಸಿದ ಕೇಕು. ಸರಿಯಾಗಿ ಅದೇ ಅಂಕಿ ಹೇಳಿದವರು ಇದುವರೆಗೆ ಯಾರೂ ಇಲ್ಲ. ಬೇರೆ ವರ್ಷಗಳಲ್ಲಿ ಸಿಗ್ನಿ ಇದನ್ನು ನೋಡಿ ಒಳಗೊಳಗೇ ಖುಷಿಪಡುತ್ತಿದ್ದಳು, ಚುಕ್ಕೆಗೆ ಪಾಲಿಲ್ಲ ಎಂದು. ಇವತ್ತು ಹಲಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಯಾವುದೆಂದು ಹುಡುಕಿದಳು. ಇಪ್ಪತ್ತಾರು ಪಾಯಿಂಟ್ ಒಂಬತ್ತು ಒಂಬತ್ತು. ಅದರ ಮೇಲೆ ಯಾರೂ ಬರೆದಿರಲಿಲ್ಲ, ಮಕ್ಕಳು ಕೂಡ ತಮಾಷೆಗೆ ಬರೆದಿರಲಿಲ್ಲ. ಅವಳ ಸೊನ್ನೆ ಇಲ್ಲಿಯವರೆಗೂ ಬಂದು ಕೂತಿತ್ತು. ಊರಿನ ಅಧ್ಯಕ್ಷ ಕೆನ್ ಲೆಪ್ಕಿ ಕೈ ಕುಲುಕಿ, “ಬನ್ನಿ ಬನ್ನಿ, ಈ ಸಲ ಮುಳುಗಿಸ್ತೀರೋ ತೇಲಿಸ್ತೀರೋ?” ಎಂದು ನಕ್ಕ. ಅವಳೂ ನಕ್ಕಳು. ನಾಲ್ಕು ವಾಕ್ಯಗಳಲ್ಲಿ ಈ ವರ್ಷದ ಅಂದಾಜು ಹೇಳಿ ಮುಗಿಸಿದಳು. ಚಿಟಚಿಟ ನಡೆದೇ ಇತ್ತು. ಇಲ್ಲಿಗೆ ಧನ್ಯವಾದ ಎಂದು ಕೂತಿದ್ದರೆ ಪ್ಲಾಟ್ಸ್ ತಿಂದು ಮೂರೂವರೆಗೆ ಹೊರಡಬಹುದಿತ್ತು. ಅವಳು ಬಲಗಡೆಗೆ ತಿರುಗಿದಳು. ಮೂರನೆಯ ಸಾಲಿನಲ್ಲಿ ಅಬ್ರಾಮ್ ಡೂರ್ಕ್ಸೆನ್ ಟೋಪಿಯನ್ನು ಮಂಡಿಯ ಮೇಲಿಟ್ಟು ಕೂತಿದ್ದರು. ಇನ್ನೂ ಸಣ್ಣಗಾಗಿದ್ದರು.

“ಇನ್ನೊಂದು ಮಾತಿದೆ” ಎಂದಳು. “ಒಂಬತ್ತು ವರ್ಷದ ಹಿಂದೆ ಇಲ್ಲೇ ನಿಂತ್ಕೊಂಡು, ಇಪ್ಪತ್ತೇಳು ಅಡಿ ಮೇಲೆ ನೀರು ಬರೋಕೆ ಸಾಧ್ಯಾನೇ ಇಲ್ಲ ಅಂದಿದ್ದೆ. ಅದು ತಪ್ಪು. ನದಿ ಏನೂ ಬದಲಾಗಿಲ್ಲ. ನಾನು ಲೆಕ್ಕದಲ್ಲಿ ಒಂದು ಚಿಹ್ನೆ ತಪ್ಪಾಗಿ ಹಾಕಿದ್ದೆ. ಇವತ್ತು ಬೆಳಿಗ್ಗೆ ಗೊತ್ತಾಯ್ತು.”

ಚಿಟಚಿಟ ನಿಂತಿತು. ಅಷ್ಟು ಜನರ ದವಡೆ ಒಟ್ಟಿಗೆ ನಿಂತದ್ದನ್ನು ಅವಳು ಮೊದಲ ಸಲ ಕೇಳಿದ್ದು.

“ಚಿಹ್ನೆ ಅಂದ್ರೆ?” ಎಂದಳು ಹಿಂದಿನ ಸಾಲಿನ ಒಬ್ಬ ಹೆಂಗಸು.

“ಮೈನಸ್. ಒಂದು ಗೀಟು.”

“ಒಂದು ಗೀಟಾ?”

“ಒಂದೇ ಗೀಟು.”

ಕೆನ್ ಲೆಪ್ಕಿಯ ಮುಖದಲ್ಲಿ ಇನ್ನೂ ನಗೆಯ ಗುರುತಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಬಿಟ್ಟಿದ್ದ. “ಸರಿ. ಒಡ್ಡು ಎಷ್ಟಿರ್ಬೇಕಿತ್ತು?”

“ನೂರು ವರ್ಷದ ನೀರು ಇಪ್ಪತ್ತೊಂಬತ್ತೂವರೆ, ರಕ್ಷಣೆಗೆ ಎರಡು. ಮೂವತ್ತೊಂದೂವರೆ.”

“ನಾಲ್ಕೂವರೆ ಅಡಿ ಕಮ್ಮಿ.” ಯಾರೋ ಉಸಿರು ಬಿಟ್ಟರು. “ಅಲ್ಲಿಗೆ ಏರಿಸಿದ್ರೆ ಮುಗೀತಾ? ಅದರ ಮೇಲೆ ಬರಲ್ವಾ?”

ಬರಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಇಡೀ ಭವನ ಅದೊಂದು ಮಾತಿಗೆ ಕಿವಿಗೊಟ್ಟು ಕೂತಿತ್ತು. “ಬರಬಹುದು” ಎಂದಳು. “ತುಂಬಾ ಅಪರೂಪ. ಆದ್ರೆ ಬರಬಹುದು. ಎಷ್ಟು ಮೇಲೆ ಕೇಳಿದ್ರೂ ಅಷ್ಟೇ, ಕಮ್ಮಿ ಆಗ್ತಾ ಹೋಗುತ್ತೆ, ಇಲ್ಲ ಅಂತ ಮಾತ್ರ ಆಗಲ್ಲ. ನಾನು ಬೆಳಿಗ್ಗೆ ಚರ್ಚಿನ ಗೋಪುರದವರೆಗೂ ಕೇಳಿ ನೋಡ್ದೆ. ಇಲ್ಲಿಗೆ ಸಾಕು ಅಂತ ನದಿ ಹೇಳಲ್ಲ. ಎಲ್ಲಿಗೆ ಸಾಕು ಅಂತ ನಾವೇ ಹೇಳಿಕೊಳ್ಳಬೇಕು, ನಾನು ಅದನ್ನ ನದಿ ಹೇಳ್ತು ಅಂತ ನಿಮಗೆ ಹೇಳಿಬಿಟ್ಟಿದ್ದೆ.” ಗೆರೆಯ ಚಿತ್ರ ತೋರಿಸಬೇಕೆಂದು ತಂದಿದ್ದಳು, ತೋರಿಸಲಿಲ್ಲ. ಭವನದಲ್ಲಿ ಆಗ ಆದದ್ದು ಅವಳು ಎಣಿಸಿದ್ದ ಕೋಪವಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಮೇಲೆ ನೋಡಿದರು, ಚಾವಣಿಯ ಕಡೆಗೆ, ಅದರಾಚೆಗೆ, ಎಷ್ಟೋ ವರ್ಷದಿಂದ ಮುಚ್ಚಿದ್ದ ಕಿಟಕಿಯೊಂದನ್ನು ಯಾರೋ ತೆರೆದಾಗ ನೋಡುವ ಹಾಗೆ. ಅವಳಿಗೆ ಬೆಳಿಗ್ಗೆ ಒಬ್ಬಳಿಗೇ ಆದದ್ದು ಈಗ ನೂರಿಪ್ಪತ್ತು ಜನಕ್ಕೆ ಆಗುತ್ತಿದೆ ಎನಿಸಿ ಮೈ ನವಿರೆದ್ದಿತು.

“ಮಿಸ್ಟರ್ ಡೂರ್ಕ್ಸೆನ್” ಎಂದಳು. “ಓಕ್ ಮರದ ವಿಷಯ ನೀವು ಹೇಳಿದ್ದೇ ಸರಿ. ಸರ್ವೆಯವನ ಪುಸ್ತಕದಲ್ಲೂ ಹಾಗೇ ಇದೆ, ಎರಡನೇ ಕೊಂಬೆ. ನಾನು ಕೊಂಬೆ ಮೇಲೆ ಹೋಗುತ್ತೆ ಅಂದೆ. ಹೋಗಲ್ಲ. ಅದು ನನಗೆ ಆವತ್ತು ದಾರಿಯಲ್ಲೇ ಗೊತ್ತಾಗಿತ್ತು. ಒಂಬತ್ತು ವರ್ಷ ನಿಮಗೆ ಹೇಳಲಿ‌ಲ್ಲ.”

ಮುದುಕರು ಎದ್ದು ನಿಲ್ಲಲು ಹೊತ್ತು ಹಿಡಿಯಿತು. ಪಕ್ಕದವನು ಮೊಳಕೈ ಹಿಡಿಯಲು ಬಂದ, ಬೇಡವೆಂದು ಕೈಯಾಡಿಸಿದರು. ಬೈಯುತ್ತಾರೆಂದು ಅವಳು ಕಾದಳು, ಬೈದರೆ ಚೆನ್ನಾಗಿತ್ತು.

“ಆವತ್ತು ಎಲ್ಲರೂ ನಕ್ರು” ಎಂದರು ಅಬ್ರಾಮ್. “ನಾನೂ ನಕ್ಕೆ. ಮನೆಗೆ ಹೋಗಿ ಮರದ ಹತ್ರ ನಿಂತ್ಕೊಂಡು ನೋಡ್ದೆ. ನಾನು ಹುಡುಗ ಆಗಿದ್ದಾಗ ಆ ಕೊಂಬೆ ಮೇಲೆ ಕೂತ್ಕೊಂಡು ನೆಲಕ್ಕೆ ನೆಗೀತಿದ್ದೆ. ಎಂಬತ್ತು ವರ್ಷ ದಿನಾ ನೋಡಿರೋ ಮರ. ಆದ್ರೂ ಏನಂದ್ಕೊಂಡೆ ಗೊತ್ತಾ? ಹೌದೇನೋ, ಬೆಳೆದಿರಬಹುದು, ನನಗೇ ಗೊತ್ತಾಗ್ಲಿಲ್ಲವೇನೋ ಅಂದ್ಕೊಂಡೆ. ಓದಿರೋರು ಹೇಳಿದ್ದಾರಲ್ಲ ಅಂತ.” ಅವರು ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. “ನನ್ನ ಕಣ್ಣನ್ನೇ ನಾನು ಬಿಟ್ಟುಕೊಟ್ಟೆ. ಅಷ್ಟೇ.” ಎಂದು ಕೂತರು.

ಮಣ್ಣು ಮೇ ತಿಂಗಳವರೆಗೂ ಹೆಪ್ಪುಗಟ್ಟಿ ಕಲ್ಲು, ಈಗ ಅಗೆಯೋಕಾಗಲ್ಲ, ಶೆಡ್ಡಿನಲ್ಲಿ ಮರಳು ಎಷ್ಟಿದೆ ಎಂದು ಕೆನ್ ಲೆಪ್ಕಿ ಕೇಳಿದ. ಎರಡು ರಾಶಿ ಎಂದ ಒಬ್ಬ. ಚೀಲ? ಹತ್ತು ಸಾವಿರ ಇರಬಹುದು. ನದಿಯ ತಿರುವಿನ ಕಡೆ ಮೊದಲು ಎತ್ತರಿಸೋಣ ಎಂದಳು ಹಿಂದಿನ ಸಾಲಿನ ಹೆಂಗಸು. ಕುರ್ಚಿಗಳು ಕಿರುಗುಟ್ಟಿದವು. ಅವಳನ್ನು ನಡುವೆ ಬಿಟ್ಟು, ಹರಿವ ನೀರು ಕಲ್ಲನ್ನು ಬಳಸಿ ಹೋಗುವಂತೆ ಜನ ಎರಡೂ ಕಡೆಯಿಂದ ಬಾಗಿಲಿಗೆ ಹೋದರು. ಸಿಗ್ನಿ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕಿದಳು. ಅರ್ನೆಲ್‌ಗೆ ಏನು ಹೇಳುವುದು ಎಂದು ಒಂದು ವಾಕ್ಯ ಕಟ್ಟಲು ನೋಡಿದಳು, ಆಗಲಿಲ್ಲ. ಕಾರಿನ ಬಾಗಿಲು ತೆರೆದವಳು ಹಾಗೇ ಮುಚ್ಚಿ, ಭವನದ ಹಿಂದಿನ ಶೆಡ್ಡಿನ ಕಡೆ ನಡೆದಳು. ಒಳಗೆ ಆಗಲೇ ಸಲಿಕೆಗಳ ಸದ್ದು. ಮರಳಿನ ರಾಶಿಯ ಬುಡದಲ್ಲಿ ಜೋಡಿ ಜೋಡಿಯಾಗಿ ನಿಂತಿದ್ದರು, ಒಬ್ಬರು ಚೀಲ ಹಿಡಿಯುವವರು, ಒಬ್ಬರು ತುಂಬುವವರು. ಒಂದು ಮೂಲೆಯಲ್ಲಿ ಅಬ್ರಾಮ್ ಡೂರ್ಕ್ಸೆನ್ ಸಲಿಕೆಗೆ ಒರಗಿ ನಿಂತಿದ್ದರು. ಅವರಿಗೆ ಜೋಡಿ ಇರಲಿಲ್ಲ. ಎಂಬತ್ತೊಂಬತ್ತು ವರ್ಷದವರ ಎದುರು ಚೀಲ ಹಿಡಿದು ನಿಂತು ಸಲಿಕೆ ಎತ್ತಿಸಲು ಯಾರಿಗೂ ಮನಸ್ಸಾಗಿರಲಿಲ್ಲ.

“ನೋಡ್ಕೊಂಡು ನಿಲ್ಲೋಕೆ ಬಂದ್ರಾ?” ಎಂದರು.

ಅವಳು ಕೈಗವಸು ತೆಗೆದು ಜೇಬಿಗೆ ಹಾಕಿ ಒಂದು ಚೀಲ ಎತ್ತಿಕೊಂಡಳು. ಮಂಡಿಯೂರಿ ಅದರ ಬಾಯಿ ತೆರೆದು ಹಿಡಿದಳು. ಅವರು ನಿಧಾನವಾಗಿ ಸಲಿಕೆ ನೂಕಿದರು, ಎತ್ತುವಾಗ ತೋಳು ನಡುಗಿತು, ಆದರೆ ಮರಳು ಒಂದು ಹರಳೂ ಆಚೆ ಬೀಳದೆ ಒಳಗೆ ಹೋಯಿತು. ಮೂರು ಸಲಿಕೆ ಹಾಕಿ ನಿಲ್ಲಿಸಿದರು. ಅವಳು ಇನ್ನೂ ಹಿಡಿದೇ ಇದ್ದಳು.

“ಅರ್ಧ ಸಾಕು. ಹೊಟ್ಟೆ ಬಿರಿಯೋ ಹಾಗೆ ತುಂಬಿದ್ರೆ ಒಂದರ ಮೇಲೊಂದು ಕೂರಲ್ಲ, ಸಂದು ಬಿಡುತ್ತೆ.”

ಅವಳಿಗೆ ಅದು ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಚೀಲವನ್ನೂ ಅವಳು ಹಿಡಿದಿರಲಿಲ್ಲ. ಎರಡನೆಯದು ತೆಗೆದುಕೊಂಡಳು, ಮೂರನೆಯದು. ತಣ್ಣನೆಯ ಮರಳು ಕೈಯ ಹಿಂಬದಿಗೆ ತಗುಲಿ ಉರಿಯುತ್ತಿತ್ತು. ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು, ಅದರಾಚೆ ಬಯಲು, ಬಿಳಿ, ಎಲ್ಲಿಯೂ ಮುಗಿಯದೆ ಹಬ್ಬಿತ್ತು. ಏಳನೆಯ ಚೀಲವೋ ಎಂಟನೆಯದೋ ತುಂಬುವಾಗ ಅವರು ಸಲಿಕೆ ಊರಿ ಉಸಿರು ತೆಗೆದುಕೊಳ್ಳುತ್ತ ಆ ಕಡೆ ನೋಡಿದರು.

“ನಿಜವಾಗ್ಲೂ ಕೊನೆ ಇಲ್ವಾ ಅದಕ್ಕೆ?”

“ಇಲ್ಲ.”

“ಗೋಪುರದಷ್ಟು ಕೇಳಿದ್ರೂ?”

“ಒಂದು ಮೈಲಿ ಎತ್ತರ ಕೇಳಿದ್ರೂ.”

“ಅಬ್ಬಾ” ಎಂದರು ಅವರು, ಚರ್ಚಿನಲ್ಲಿ ಆಡುವಷ್ಟು ಮೆಲ್ಲಗೆ. ಅವರ ಕಣ್ಣಿನಲ್ಲಿ ಭಯವಿರಲಿಲ್ಲ, ಬೇರೆ ಏನೋ ಇತ್ತು, ಸಿಗ್ನಿಗೆ ಅದು ತನ್ನದೇ ಹತ್ತೊಂಬತ್ತನೇ ವಯಸ್ಸೆಂದು ಗುರುತು ಹತ್ತಿತು. ಆಮೇಲೆ ಅವರು ಸಲಿಕೆಯನ್ನು ಮರಳಿಗೆ ನೂಕಿದರು.

“ಹಾಗಾದ್ರೆ ಚೀಲದ ಬಾಯಿ ಇನ್ನೂ ಅಗಲ ಮಾಡಿ ಹಿಡ್ಕೋಮ್ಮ.”